ಇಲ್ಲ ಎನ್ನುವ ಉಗ್ರಾಣ

ಅತ್ತೆ ಆಡಿಸುವ ಆ ಆಟವನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಅಂಥ ಆಟವೇನೂ ಅಲ್ಲ ಅದು. ತೆಳ್ಳಗಿನ ಟವೆಲ್ಲೊಂದನ್ನು ಮಗುವಿನ ಮುಖದ ಮೇಲೆ ಹಾಕಿ, "ಪಾಪು ಎಲ್ಲಿ? ಪಾಪು ಇಲ್ಲ, ಇಲ್ಲವೇ ಇಲ್ಲ" ಎನ್ನುತ್ತ ಮಂಚದ ಕೆಳಗೆ, ಬಾಗಿಲ ಹಿಂದೆ ಹುಡುಕಿದ ಹಾಗೆ ಮಾಡುವುದು, ಆಮೇಲೆ ಟವೆಲ್ಲನ್ನು ಸರ್ರನೆ ಎಳೆದು "ಇಲ್ಲಿ" ಎನ್ನುವುದು. ಮಗು ಪ್ರತಿ ಸಲವೂ ಹೊಸದಾಗಿ ಕೇಕೆ ಹಾಕುತ್ತಿತ್ತು. ಇಲ್ಲ ಎನ್ನುವುದಕ್ಕೂ ಇಲ್ಲಿ ಎನ್ನುವುದಕ್ಕೂ ನಡುವೆ ಬರವಣಿಗೆಯಲ್ಲಿ ಇರುವುದು ಒಂದು ಗುಡಿಸು, ಅಷ್ಟೆ. ಆ ಗುಡಿಸು ಬೀಳುವ ತನಕ ಅವಳ ಉಸಿರು ಗಂಟಲಲ್ಲೇ ನಿಂತಿರುತ್ತಿತ್ತು.

"ಸಾಕು ಅತ್ತೆ, ಮುಖದ ಮೇಲೆ ಬಟ್ಟೆ ಹಾಕಬೇಡಿ."

"ಜಾಲರಿ ಹಾಗಿದೆ ಕಣೇ ಬಟ್ಟೆ. ಗಾಳಿ ಆಡುತ್ತೆ. ನಿನ್ನ ಗಂಡನ್ನೂ ಹೀಗೇ ಆಡಿಸಿದ್ದೆ."

"ಅದಕ್ಕೇ ಇರಬೇಕು, ಕರೆದರೆ ಇವತ್ತಿಗೂ ಎಲ್ಲೂ ಸಿಗಲ್ಲ ಅವರು."

ಅತ್ತೆ ನಕ್ಕರು. ಅವಳು ನಗಲಿಲ್ಲ. ಬಗ್ಗಿ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು. ಬಿಸಿ ಉಸಿರು ತಾಕಿತು. ಚಪ್ಪಲಿ ಮೆಟ್ಟಿಕೊಂಡವಳು ಮತ್ತೆ ಬಿಟ್ಟು ಒಳಗೆ ಬಂದು ಇನ್ನೊಂದು ಸಲ ಬೆರಳಿಟ್ಟು ನೋಡಿ, ಆಮೇಲೆ ಕೆಲಸಕ್ಕೆ ಹೊರಟಳು.

ಆಫೀಸಿನಲ್ಲಿ ಅವಳಿಗೆ 'ಇನ್ನೊಂದ್ಸಲ' ಎಂದೇ ಅಡ್ಡಹೆಸರು. ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ, ಆಸ್ಪತ್ರೆಯ ಪರದೆಗಳಿಗೆ ಸಾಫ್ಟ್‌ವೇರ್ ಬರೆಯುವ ಒಂದು ಸಣ್ಣ ಕಂಪನಿ ಅದು. ಯಾರು ಏನು ತಂದು ತೋರಿಸಿದರೂ ಅವಳ ಬಾಯಿಂದ ಮೊದಲು ಬರುವ ಮಾತು, "ಇನ್ನೊಂದ್ಸಲ ಓಡಿಸಿ ನೋಡೋಣ." ಊಟದ ಡಬ್ಬಿ ತಂದಿದ್ದೇನೆಯೇ ಎಂದು ಚೀಲವನ್ನು ಎರಡು ಸಲ ನೋಡುವವಳು, ಬೀಗ ಹಾಕಿದ ಬಾಗಿಲನ್ನು ತಳ್ಳಿ ನೋಡುವವಳು. ಚಿಕ್ಕಂದಿನಿಂದಲೂ ಹಾಗೇ. ಪರೀಕ್ಷೆಯಲ್ಲಿ ಉತ್ತರ ಬರೆದು ಮುಗಿಸಿದ ಮೇಲೆ ಪ್ರಶ್ನೆಯನ್ನೇ ಮತ್ತೆ ಓದುತ್ತ ಕೂತು, ಕೊನೆಗೆ ಉತ್ತರಪತ್ರಿಕೆಯನ್ನು ಮೇಡಂ ಕಿತ್ತುಕೊಳ್ಳಬೇಕಾಗುತ್ತಿತ್ತು.

ಆ ಹೆಸರಿಟ್ಟವರು ಗೊಣಗಣ್ಣ. ಅದೂ ಅಡ್ಡಹೆಸರೇ. ಕುರ್ಚಿಯ ಬೆನ್ನಿಗೆ ಒಂದು ಟವೆಲ್ ಹಾಕಿಕೊಂಡು, ದಿನವಿಡೀ ಯಂತ್ರಗಳ ಜೊತೆ ಗೊಣಗುತ್ತ ಇದ್ದ ಹಿರಿಯರು. ಅವಳಿಗೆ ಉಗ್ರಾಣದ ಕೆಲಸ ಕಲಿಸಿದ್ದೂ ಅವರೇ.

ಉಗ್ರಾಣ ಎಂದರೆ ಅಕ್ಕಿ ಬೇಳೆಯದಲ್ಲ. ಸಾಫ್ಟ್‌ವೇರ್ ಎಂಬುದನ್ನು ಯಾರೂ ಬುಡದಿಂದ ತುದಿಯವರೆಗೆ ತಾವೇ ಬರೆಯುವುದಿಲ್ಲ. ಬೇರೆಯವರು ಮಾಡಿಟ್ಟ ತುಂಡುಗಳನ್ನು ಹೊರಗಿನ ಮಳಿಗೆಗಳಿಂದ ತಂದು ಜೋಡಿಸುತ್ತಾರೆ. ಆ ತುಂಡುಗಳಿಗೆ ಪ್ಯಾಕೇಜ್ ಎನ್ನುತ್ತಾರೆ. ಪ್ರತಿಯೊಬ್ಬರೂ ಪ್ರತಿ ಸಲವೂ ಹೊರಗೆ ಓಡುವುದು ಬೇಡವೆಂದು ಮಧ್ಯೆ ಒಂದು ಸರ್ವರ್ ಇಟ್ಟಿರುತ್ತಾರೆ. ಅದು ಹೊರಗಿನಿಂದ ಒಮ್ಮೆ ತಂದದ್ದನ್ನು ತನ್ನ ಹತ್ತಿರ ಇಟ್ಟುಕೊಂಡು, ಕೇಳಿದವರಿಗೆಲ್ಲ ಅದನ್ನೇ ಕೊಡುತ್ತದೆ. ಗೊಣಗಣ್ಣ ಅದನ್ನು ಉಗ್ರಾಣ ಎಂದು ಕರೆದರು; ಆಫೀಸಿನವರೆಲ್ಲ ಹಾಗೇ ಕರೆದರು.

"ನೋಡು ತಾಯಿ," ಎಂದಿದ್ದರು ಅವರು, ಅವಳು ಸೇರಿದ ಹೊಸತರಲ್ಲಿ. "ಉಪ್ಪು ತರೋಕೆ ಅಂಗಡಿಗೆ ಹೋದೆ ಅಂತಿಟ್ಕೋ. ಉಪ್ಪು ಖಾಲಿಯಾಗಿದ್ರೆ ಅದು 'ಇಲ್ಲ'. ಅಂಗಡಿಗೆ ಬೀಗ ಬಿದ್ದಿದ್ರೆ ಅದು 'ಸಿಗಲಿಲ್ಲ'. ಉಪ್ಪಿದೆ, ಆದರೆ ನಿನ್ನ ಮುಖ ನೋಡಿ ಅವನು ಒಳಗಿಟ್ಕೊಂಡ, ಅದು 'ಕೊಡಲಿಲ್ಲ'. ಮೂರಕ್ಕೂ ನೀನು ಮನೆಗೆ ಬಂದು 'ಇಲ್ಲ' ಅಂದುಬಿಟ್ರೆ, ಅಡುಗೆ ಮಾಡೋಳು ಊರಲ್ಲೇ ಉಪ್ಪಿಲ್ಲ ಅಂತ ತಿಳ್ಕೊಂಡು ಸಪ್ಪೆ ಬಡಿಸ್ತಾಳೆ. ಈ ಉಗ್ರಾಣ ಇದೆಯಲ್ಲ, ಇದು ಮಹಾ ಸೋಮಾರಿ. ಮೂರಕ್ಕೂ ಒಂದೇ ಮಾತು."

"ಹಾಗಾದ್ರೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗುತ್ತೆ ಸರ್?"

"ಕೇಳಬೇಕು. ಇನ್ನೊಂದು ಸಲ ಕೇಳಬೇಕು, ಬೇರೆ ಥರ ಕೇಳಬೇಕು. ಆದ್ರೆ ಅದಕ್ಕೂ ಮೊದಲು ಅದರ ಮರೆವಿಗೆ ಮದ್ದು ಮಾಡಬೇಕು. ಅಲ್ಲ, ನೆನಪಿಗೆ. ಒಂದ್ಸಲ 'ಇಲ್ಲ' ಅಂದಿದ್ದನ್ನ ಇದು ನೆನಪಲ್ಲಿಟ್ಕೊಳ್ಳುತ್ತೆ. ಮತ್ತೆ ಕೇಳಿದ್ರೆ ಎದ್ದು ಹೋಗಿ ನೋಡಲ್ಲ, ಕೂತಲ್ಲಿಂದಲೇ 'ಇಲ್ಲ' ಅನ್ನುತ್ತೆ. ನಮ್ಮ ಮನೆಯವಳ ಹಾಗೆ."

ಆ ಗೊಣಗಣ್ಣ ಈಗ ಇರಲಿಲ್ಲ.

ಅವರು ಹೋದದ್ದು ಅವಳ ಮಗು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತ್ತು. ನವಜಾತರ ವಾರ್ಡಿನ ಗಾಜಿನ ಪೆಟ್ಟಿಗೆಯೊಳಗೆ, ಪಾದಕ್ಕೆ ಒಂದು ವೈರು ಸುತ್ತಿಸಿಕೊಂಡು ಮಲಗಿತ್ತು. ಆ ವೈರು ಮಗುವಿನ ರಕ್ತದಲ್ಲಿ ಉಸಿರೆಷ್ಟಿದೆ ಎಂಬುದನ್ನು ಪಕ್ಕದ ಪರದೆಗೆ ಹೇಳುತ್ತಿತ್ತು. ಅವಳು ಮಗುವಿಗಿಂತ ಹೆಚ್ಚು ಆ ಪರದೆಯನ್ನೇ ನೋಡಿದಳು. ತೊಂಬತ್ತೇಳು ಎಂದಿದ್ದರೆ ಅವಳೂ ಉಸಿರಾಡುತ್ತಿದ್ದಳು. ಹಾಗಿದ್ದಾಗ ಒಂದು ಮಧ್ಯಾಹ್ನ, ಮಗು ಪರವಾಗಿಲ್ಲ ಎಂದು ಹೇಳಲು ಗೊಣಗಣ್ಣನಿಗೆ ಫೋನ್ ಮಾಡಿದಳು. ಫೋನಿನ ಹೆಂಗಸು, ನೀವು ಕರೆ ಮಾಡಿದವರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ ಎಂದಳು. ಮತ್ತೆ ಮಾಡಿದಾಗಲೂ ನಿರತರೇ. ಇಂಥ ಹೊತ್ತಲ್ಲೂ ಯಾರ ಹತ್ತಿರ ಗೊಣಗುತ್ತಿದ್ದಾರೋ ಎಂದು ಅವಳಿಗೆ ಸ್ವಲ್ಪ ಬೇಸರವಾಯಿತು. ಅವರು ಅಂದು ಬೆಳಗ್ಗೆಯೇ ತೀರಿಕೊಂಡಿದ್ದರು. ಬಂಧುಗಳು ಒಬ್ಬರ ಮೇಲೊಬ್ಬರು ಆ ಫೋನಿಗೆ ಕರೆ ಮಾಡುತ್ತಿದ್ದರು. ಅವಳಿಗೆ ವಿಷಯ ತಿಳಿದದ್ದು ಎಷ್ಟೋ ದಿನದ ಮೇಲೆ. ಹೀಗಾಗಿ ಅವಳ ಲೆಕ್ಕದಲ್ಲಿ ಗೊಣಗಣ್ಣ ಹೋಗಲೂ ಇಲ್ಲ, ಬರಲೂ ಇಲ್ಲ, ಎಲ್ಲೋ ನಿರತರಾಗಿದ್ದರು. ರಜೆ ಮುಗಿಸಿ ಬಂದಾಗ ಕುರ್ಚಿಯ ಬೆನ್ನಿನ ಮೇಲೆ ಟವೆಲ್ ಹಾಗೇ ಇತ್ತು. ಅದನ್ನು ತೆಗೆಯಲು ಯಾರೂ ಮುಂದಾಗಲಿಲ್ಲ, ಅವಳೂ ಆಗಲಿಲ್ಲ. ಉಗ್ರಾಣ ಮಾತ್ರ ಅವಳ ಪಾಲಿಗೆ ಬಂತು.

ಅವತ್ತು ಅವಳು ಆಫೀಸು ಮುಟ್ಟುವಷ್ಟರಲ್ಲಿ ಎಲ್ಲರ ಮುಖ ಗಂಟಿಕ್ಕಿತ್ತು. ಅದೇ ವಾರ್ಡಿನಿಂದ ಫೋನ್ ಬಂದಿತ್ತು.

"ಒಂದು ಪಾಪುವಿನ ಕಾಲಿಂದ ವೈರು ಜಾರಿ ಹಾಸಿಗೆ ಮೇಲೆ ಬಿದ್ದಿತ್ತಂತೆ," ಎಂದ ಟೀಮ್ ಲೀಡ್. ಎಲ್ಲದಕ್ಕೂ ಆಯ್ತು ಆಯ್ತು ಎನ್ನುವ ಮನುಷ್ಯ, ಹಾಗಾಗಿ ಹಿಂದಿನಿಂದ ಅವನನ್ನು ಆಯ್ತಪ್ಪ ಎನ್ನುತ್ತಿದ್ದರು. "ಪರದೆ ಮಾತ್ರ ತೊಂಬತ್ತೇಳು ಅಂತಾನೇ ತೋರಿಸ್ತಿತ್ತಂತೆ. ಪಾಪುಗೆ ಏನೂ ಆಗಿಲ್ಲ. ಸಿಸ್ಟರ್ ನೋಡಿದ್ರು."

ಅವಳು ಚೀಲ ಇಳಿಸದೆಯೇ ಕೇಳಿದಳು, "ವೈರು ಬಿದ್ದ ಮೇಲೂ?"

"ಹಳೇ ಸಂಖ್ಯೇನೇ ಹಿಡ್ಕೊಂಡು ಕೂತಿದೆ. ತಪ್ಪಿರೋದು ವೈರಿನ ಕಂಪನಿಯವರ ಪ್ಯಾಕೇಜಲ್ಲಿ. ಅವರು ಸರಿ ಮಾಡಿ ಹೊಸದನ್ನ ಬಿಟ್ಟಿದ್ದಾರಂತೆ. ನಾವು ಅದನ್ನ ಸೇರಿಸಿ, ಕತ್ತಲಾಗೋದ್ರೊಳಗೆ ವಾರ್ಡಿಗೆ ಕಳಿಸಬೇಕು. ಹಗಲು ಅಲ್ಲಿ ಜನ ಇರ್ತಾರೆ, ಪೆಟ್ಟಿಗೆಗೊಬ್ಬರು ನಿಂತು ನೋಡ್ಕೊಳ್ತಾರೆ. ರಾತ್ರಿ ಪಾಳಿಗೆ ಇಡೀ ವಾರ್ಡಿಗೆ ಇಬ್ಬರೇ."

ಅವಳಿಗೆ ಗೊತ್ತಿತ್ತು ಆ ರಾತ್ರಿಗಳು. ಆ ತೊಂಬತ್ತೇಳೂ ಗೊತ್ತಿತ್ತು. ಅಂದು ತಾನು ನೋಡಿದ್ದರಲ್ಲಿ ಎಷ್ಟು ನಿಜದವು, ಎಷ್ಟು ಬರಿದೇ ಪರದೆಯ ನೆನಪಿನವು ಎಂಬ ಯೋಚನೆ ಬಂದದ್ದೇ ತಡ ಮನೆಗೆ ಫೋನ್ ಹಚ್ಚಿದಳು.

"ಅತ್ತೆ, ಮಗು ಏನ್ಮಾಡ್ತಿದೆ?"

"ಮಲಗಿದೆ."

"ಉಸಿರಾಡ್ತಿದೆಯಾ?"

"ಇಲ್ಲ, ಗೊರಕೆ ಹೊಡೀತಿದೆ. ಇಡು ಫೋನು, ಎಚ್ಚರ ಆಗುತ್ತೆ."

ಮಧ್ಯಾಹ್ನದ ಹೊತ್ತಿಗೆ ಆಯ್ತಪ್ಪ ಹುಮ್ಮಸ್ಸಿನಿಂದ ಕೂಗಿದ, "ಹಸಿರು ಬಂತು. ಕಳಿಸಿ ಮೇಡಂ." ಎಲ್ಲ ತುಂಡುಗಳೂ ಕೂಡಿಕೊಂಡು ಪರೀಕ್ಷೆಯಲ್ಲಿ ಪಾಸಾದರೆ ಪರದೆಯ ಮೇಲೆ ಒಂದು ಹಸಿರು ಗುರುತು ಬೀಳುತ್ತದೆ. ಬಿದ್ದಿತ್ತು.

"ಇನ್ನೊಂದ್ಸಲ ನೋಡಿಬಿಡ್ತೀನಿ ಸರ್."

"ಹಸಿರನ್ನ ಎಷ್ಟು ಸಲ ನೋಡಿದ್ರೂ ಹಸಿರೇ."

ಅವಳು ಹಸಿರನ್ನು ನೋಡಲಿಲ್ಲ. ಹಸಿರಿನ ಹಿಂದೆ ಏನೇನು ಕೂಡಿದೆ ಎಂದು ಒಂದೊಂದಾಗಿ ಓದುತ್ತ ಹೋದಳು. ವೈರಿನ ಪ್ಯಾಕೇಜಿನ ಹತ್ತಿರ ಬಂದಾಗ ಬೆರಳು ನಿಂತಿತು. ಒಳಗೆ ಕೂತಿದ್ದದ್ದು ಹಳೆಯದೇ. ಹೊಸದಿದ್ದರೆ ಹೊಸದನ್ನು ತೆಗೆದುಕೋ, ಇಲ್ಲದಿದ್ದರೆ ಇದ್ದದ್ದರಲ್ಲೇ ಸಾಗಿಸು ಎಂದು ಎಂದೋ ಯಾರೋ ಯಂತ್ರಕ್ಕೆ ಹೇಳಿಟ್ಟಿದ್ದರು. ಅದು ಉಗ್ರಾಣಕ್ಕೆ ಹೋಗಿ ಹೊಸದನ್ನು ಕೇಳಿದೆ, ಉಗ್ರಾಣ 'ಇಲ್ಲ' ಎಂದಿದೆ, ಅದು ತಕರಾರಿಲ್ಲದೆ ಹಳೆಯದನ್ನೇ ತುಂಬಿಕೊಂಡು ಹಸಿರು ತೋರಿಸಿದೆ. ಕಳಿಸಿದ್ದರೆ ವಾರ್ಡಿನವರು ಸರಿಯಾಯಿತೆಂದು ನಂಬಿ ನಿರಾಳವಾಗುತ್ತಿದ್ದರು. ಪರದೆ ಸುಳ್ಳು ಹೇಳುತ್ತಲೇ ಇರುತ್ತಿತ್ತು. ಅವಳು ಕೈ ಎತ್ತಿ ಆಯ್ತಪ್ಪನನ್ನು ಕರೆದಳು.

ಆಯ್ತಪ್ಪ ಬಂದು ನೋಡಿ ತಲೆ ಕೆರೆದುಕೊಂಡ. "ವೈರಿನವರು ಹೊಸದನ್ನ ವಾಪಸ್ ತಗೊಂಡಿರಬೇಕು. ಉಗ್ರಾಣನೇ ಇಲ್ಲ ಅಂತಿದೆಯಲ್ಲ."

"ಉಗ್ರಾಣ ಎಲ್ಲದಕ್ಕೂ ಇಲ್ಲ ಅಂತಾನೇ ಅನ್ನೋದು ಸರ್."

"ಗೊಣಗಣ್ಣನ ಹಾಗೆ ಮಾತಾಡ್ತಿದ್ದೀರಿ ನೀವು," ಎಂದು ಅವನು ನಗಲು ಹೋಗಿ, ಆ ಖಾಲಿ ಕುರ್ಚಿಯತ್ತ ಕಣ್ಣು ಹೋದದ್ದರಿಂದ ಮಾತು ಬದಲಿಸಿದ. "ಆಯ್ತು, ನೋಡಿ. ಆದ್ರೆ ಬೇಗ."

ಅವಳು ಮೊದಲು ಉಗ್ರಾಣದ ನೆನಪಿನಲ್ಲಿದ್ದ ಆ 'ಇಲ್ಲ'ವನ್ನು ಅಳಿಸಿದಳು. ಮತ್ತೆ ಕೇಳಿದಳು. ಈ ಸಲ ಉತ್ತರ ಬರಲು ತುಸು ಹೊತ್ತು ಹಿಡಿಯಿತು. ಯಾರೋ ಎದ್ದು, ಚಪ್ಪಲಿ ಹಾಕಿಕೊಂಡು, ಹೊರಗೆ ಹೋಗಿ, ಯಾವುದೋ ಬಾಗಿಲು ಬಡಿದು, ಬರಿಗೈಯಲ್ಲಿ ವಾಪಸಾದಷ್ಟು ಹೊತ್ತು. ಆಮೇಲೆ ಅದೇ ಮಾತು: ಇಲ್ಲ.

ಅಂದರೆ ಇದು ಉಗ್ರಾಣದ ಸೋಮಾರಿತನವಲ್ಲ, ಹೊರಗಿನಿಂದಲೇ ತಂದ ಉತ್ತರ. ಹೊರಗಿನ ದಾರಿಯೇ ಕಟ್ಟಿಹೋಗಿದೆಯೇ ಎಂದು ಬೇರೆ ಮಳಿಗೆಗಳಿಂದ ಬೇರೇನೋ ಕೇಳಿದಳು. ಎಲ್ಲ ಪಟಪಟನೆ ಬಂದವು. ದಾರಿ ಸರಿಯಿದೆ. ಹಾಗಾದರೆ ಹೊಸದು ನಿಜಕ್ಕೂ ಇಲ್ಲವೇ? ಅವಳಿಗೆ ಇನ್ನೊಂದು ಯೋಚನೆ ಹೊಳೆಯಿತು. ಉಗ್ರಾಣದಲ್ಲಿದ್ದ ವೈರಿನ ಹಳೆಯ ಪ್ಯಾಕೇಜನ್ನು ಒಂದು ಪಕ್ಕಕ್ಕೆ ಸರಿಸಿ ಮುಚ್ಚಿಟ್ಟು, ಈಗ ಆ ಹಳೆಯದನ್ನೇ ಕೇಳಿದಳು. ಉಗ್ರಾಣ ಎದ್ದು ಹೊರಗೆ ಹೋಯಿತು. ಹೋದ ವಾರ ಅಲ್ಲಿಂದಲೇ ತಂದಿದ್ದ ಪ್ಯಾಕೇಜ್ ಅದು. ವಾಪಸ್ ಬಂದು ಹೇಳಿತು: ಇಲ್ಲ.

ಅವಳು ಕೈ ಹಿಂದಕ್ಕೆಳೆದುಕೊಂಡಳು. ಇದ್ದದ್ದನ್ನೂ ಇಲ್ಲ ಎನ್ನುತ್ತಿದ್ದಾರೆ. ಉಪ್ಪು ಖಾಲಿಯಾಗಿಲ್ಲ, ಅಂಗಡಿಗೆ ಬೀಗವೂ ಬಿದ್ದಿಲ್ಲ. ಮುಖ ನೋಡಿ ಇಲ್ಲ ಎನ್ನುತ್ತಿದ್ದಾರೆ. ಆದರೆ ಯಾರ ಮುಖ?

ವೈರಿನ ಕಂಪನಿಗೆ ಫೋನ್ ಮಾಡಿದಳು. ಒಬ್ಬ ಹುಡುಗಿ ಎತ್ತಿಕೊಂಡಳು, ಚುರುಕು ದನಿಯವಳು.

"ಇದೆ ಮೇಡಂ. ನನ್ನ ಕಣ್ಣೆದುರಿಗೇ ಇದೆ."

"ನಮಗೆ ಇಲ್ಲ ಅಂತ ಬರ್ತಿದೆಯಲ್ಲ."

"ನಮ್ಮ ಮಳಿಗೆ ಕೊಂಡವರಿಗೆ ಮಾತ್ರ ಮೇಡಂ. ಗುರುತು ಸಿಗದವರು ಬಂದ್ರೆ 'ಕೊಡಲ್ಲ' ಅನ್ನಲ್ಲ, 'ಇಲ್ಲ' ಅಂತೀವಿ. ಕೊಡಲ್ಲ ಅಂದ್ರೆ ಒಳಗೇನೋ ಇದೆ ಅಂತ ಗೊತ್ತಾಗಿಬಿಡುತ್ತಲ್ಲ. ಭದ್ರತೆಗೆ ಅಂತ ನಿಯಮ."

"ನಮ್ಮ ಕಡೆಯಿಂದ ಯಾರು ಬಂದು ಕೇಳ್ತಿದ್ದಾರೆ ಅಂತ ನಿಮಗೆ ಕಾಣುತ್ತಾ?"

"ಕಾಣುತ್ತೆ. ಒಬ್ಬರೇ. ಬೆಳಗ್ಗೆಯಿಂದ ಬಂದು ಬಂದು ಹೋಗ್ತಿದ್ದಾರೆ. ನೋಡಿ, ಈಗ ನಾವು ಮಾತಾಡ್ತಿರೋವಾಗಲೂ ಬಂದ್ರು." ಹುಡುಗಿ ಆ ಹೆಸರನ್ನು ಓದಿದಳು.

ಗೊಣಗಣ್ಣನ ಪೂರ್ತಿ ಹೆಸರು. ಆಫೀಸಿನಲ್ಲಿ ಯಾರೂ ಎಂದೂ ಕರೆಯದ, ಅವಳು ಒಂದೇ ಸಲ, ಬಾಗಿಲ ಬಳಿ ಅಂಟಿಸಿದ್ದ ಸಾವಿನ ಸುದ್ದಿಯಲ್ಲಿ ಓದಿದ್ದ ಹೆಸರು.

ಅವಳು ತಲೆ ಎತ್ತಿದಳು. ಎದುರಿನ ಸಾಲಿನಲ್ಲಿ ಟವೆಲ್ ಹಾಕಿದ ಕುರ್ಚಿ ಇತ್ತು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದಿತ್ತು. ಏನೂ ಅಲುಗಲಿಲ್ಲ.

"ಅವರ ಮೇಲ್ ವಿಳಾಸ ಮುಚ್ಚಿಹೋಗಿದೆ ಅಂತ ನಿನ್ನೆ ನಮ್ಮ ಕಡೆ ತಿಳಿದುಬಂದಿದೆ," ಎಂದಳು ಹುಡುಗಿ. "ಅದಕ್ಕೆ ಅವರ ಕೀಲಿ ರದ್ದಾಗಿದೆ. ದೊಡ್ಡ ವಿಷಯ ಅಲ್ಲ. ಅವರ ಕೈಗೆ ಫೋನ್ ಕೊಡಿ ಮೇಡಂ, ಎರಡು ಮಾತು ಕೇಳಿ ಹೊಸ ಕೀಲಿ ಕೊಡ್ತೀನಿ."

"ಅವರು ಇಲ್ಲ."

"ಎಷ್ಟೊತ್ತಿಗೆ ಬರ್ತಾರೆ?"

"ಇಲ್ಲ. ಅವರು ಇಲ್ಲ."

"ಊಟಕ್ಕೆ ಹೋಗಿದ್ದಾರಾ?"

"ಅವರು ತೀರಿಕೊಂಡಿದ್ದಾರೆ," ಎಂದಳು ಅವಳು. ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. "ವರ್ಷ ಆಯ್ತು."

ಆ ಕಡೆ ಕೀಬೋರ್ಡಿನ ಟಕಟಕ ಕೇಳಿತು. ಆಮೇಲೆ ಹುಡುಗಿ ದನಿ ತಗ್ಗಿಸಿ ಕೇಳಿದಳು, "ಮತ್ತೆ ಹೋದ ವಾರ ಬಂದು ತಗೊಂಡು ಹೋಗಿದ್ದಾರಲ್ಲ ಮೇಡಂ?"

ವಿಷಯ ಇಷ್ಟೇ. ಉಗ್ರಾಣ ಕಟ್ಟಿದಾಗ ಗೊಣಗಣ್ಣ ಆ ಮಳಿಗೆಯ ಕೀಲಿಯನ್ನು, ಅಂದರೆ ಒಳಗೆ ಬಿಡಿಸಿಕೊಳ್ಳುವ ಗುಪ್ತ ಸಂಕೇತವನ್ನು, ತಮ್ಮ ಹೆಸರಿನಲ್ಲೇ ಪಡೆದು ಯಂತ್ರದೊಳಗೆ ಇಟ್ಟಿದ್ದರು. ಅವರು ಹೋದ ಮೇಲೂ ಯಂತ್ರ ಆ ಕೀಲಿ ಹಿಡಿದು, ಅವರ ಹೆಸರು ಹೇಳಿಕೊಂಡು ಹೋಗಿಬರುತ್ತಿತ್ತು. ಹೋದವರ ಮೇಲ್ ವಿಳಾಸವನ್ನು ವರ್ಷ ತುಂಬಿದ ಮೇಲೆ ಮುಚ್ಚುವುದು ಆಫೀಸಿನ ಪದ್ಧತಿ. ನಿನ್ನೆ ವರ್ಷ ತುಂಬಿತ್ತು, ಮುಚ್ಚಿದ್ದರು. ಬಿಡಿಸಿ ಹೇಳಿದರೆ ಇದರಲ್ಲಿ ಅಂಜುವಂಥದ್ದು ಏನೂ ಇಲ್ಲ. ಆದರೂ ಅವಳು ಆ ಕುರ್ಚಿಯಿಂದ ಕಣ್ಣು ತೆಗೆಯಲಿಲ್ಲ. ರಜೆಯಿಂದ ಬಂದಾಗಿನಿಂದ ಅವಳು ಕುಳಿತ ಜಾಗದಿಂದ ಕೈಚಾಚಿ ಇಸಿದುಕೊಂಡದ್ದನ್ನೆಲ್ಲ ಅವರೇ ಹೋಗಿ ತಂದುಕೊಡುತ್ತಿದ್ದರು. ಮಧ್ಯಾಹ್ನದಿಂದ ಅವಳು ಇನ್ನೊಂದ್ಸಲ, ಇನ್ನೊಂದ್ಸಲ ಎಂದಾಗಲೆಲ್ಲ ಅವರೇ ಎದ್ದು ಹೋಗಿ, ಬಾಗಿಲು ಬಡಿದು, ಇಲ್ಲ ಎನ್ನಿಸಿಕೊಂಡು ಬರಿಗೈಯಲ್ಲಿ ಬರುತ್ತಿದ್ದರು.

ಕಿಟಕಿಯ ಬೆಳಕು ಕುರ್ಚಿಯಿಂದ ಇಳಿದು ನೆಲಕ್ಕೆ ಬಂದಿತ್ತು. ಕತ್ತಲಾಗಲು ಬಹಳ ಹೊತ್ತಿರಲಿಲ್ಲ.

"ಹೊಸ ಕೀಲಿ ನನಗೆ ಕೊಡೋಕಾಗಲ್ವಾ?"

"ನೀವು ಯಾರು ಅಂತ ನಮ್ಮ ಹತ್ತಿರ ಗುರುತಿಲ್ಲ ಮೇಡಂ. ತಪ್ಪು ತಿಳ್ಕೋಬೇಡಿ. ವೈರು ಕೊಂಡಿರೋದು ಆಸ್ಪತ್ರೆಯವರು. ಅವರ ಕಡೆಯಿಂದ ಯಾರಾದ್ರೂ ನಿಮ್ಮನ್ನ ಗೊತ್ತು ಅಂತ ಹೇಳಿದ್ರೆ ಕೊಡಬಹುದು."

ಅವಳು ವಾರ್ಡಿನ ಸಿಸ್ಟರನ್ನೂ ಅದೇ ಕರೆಗೆ ಸೇರಿಸಿದಳು. ಹಿಂದಿನಿಂದ ಒಂದು ಎಳೆಗೂಸಿನ ಅಳು ಕೇಳುತ್ತಿತ್ತು; ಅದನ್ನು ಕೇಳಿ ಅವಳಿಗೆ ಸಮಾಧಾನವೇ ಆಯಿತು.

"ಇವಳು ಗೊತ್ತಾ ಅಂತ ಕೇಳ್ತೀಯಾ?" ಎಂದರು ಸಿಸ್ಟರ್ ಹುಡುಗಿಗೆ. "ನನ್ನ ವಾರ್ಡಿನ ಗಾಜಿಗೆ ಹಣೆ ಒತ್ತಿಕೊಂಡು ದಿನಗಟ್ಟಲೆ ನಿಂತಿದ್ದಳು. ಇವಳ ಹಣೆ ಗುರುತು ಒರೆಸಿ ಒರೆಸಿ ನನ್ನ ಕೈ ಸವೆದಿದೆ. ಇದಕ್ಕಿಂತ ಗುರುತು ಬೇಕಾ ನಿನಗೆ?"

"ಸಾಕು ಸಿಸ್ಟರ್."

"ಹಾಗಾದ್ರೆ ಬೇಗ ಕೊಡಮ್ಮ. ಒಬ್ಬೊಬ್ಬರು ಒಂದೊಂದು ಪೆಟ್ಟಿಗೆ ಕಾಯ್ತಾ ನಿಂತಿದ್ದಾರೆ. ಹೀಗೆ ರಾತ್ರಿಯೆಲ್ಲ ನಿಲ್ಲೋಕೆ ನನ್ನ ಹತ್ತಿರ ಜನ ಇಲ್ಲ."

ಸಿಸ್ಟರ್ ಫೋನ್ ಇಟ್ಟ ಮೇಲೆ ಹುಡುಗಿ ಕೇಳಿದಳು, "ಕೀಲಿ ಯಾರ ಹೆಸರಿಗೆ ಮಾಡಲಿ? ನಿಮ್ಮದಕ್ಕೇ ಮಾಡಲಾ?"

ಅವಳು ಹೂಂ ಎನ್ನಲು ಬಾಯಿ ತೆರೆದವಳು ತಡೆದಳು. ಎಂದಾದರೊಂದು ದಿನ ತಾನಿರುವುದಿಲ್ಲ. ಈ ಯಂತ್ರ ಇರುತ್ತದೆ. ತನ್ನ ಹೆಸರು ಹೇಳಿಕೊಂಡು ಯಾರದೋ ಬಾಗಿಲನ್ನು ಬಡಿಯುತ್ತಿರುತ್ತದೆ. ಇಲ್ಲಿ ಯಾರೋ ತನ್ನ ಹಾಗೇ ಕುಳಿತು, ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಕಳಿಸುತ್ತಿರುತ್ತಾರೆ.

"ಉಗ್ರಾಣ ಅಂತ ಬರ್ಕೊಳ್ಳಿ," ಎಂದಳು.

"ಅದು ಮನುಷ್ಯರ ಹೆಸರಲ್ಲವಲ್ಲ ಮೇಡಂ."

"ಅದಕ್ಕೇ."

ಹೊಸ ಕೀಲಿ ಹಾಕಲು ಉಗ್ರಾಣದೊಳಗೆ ಹೋಗಿ ಹಳೆಯದನ್ನು ಅಳಿಸಬೇಕಿತ್ತು. ಪರದೆಯ ಮೇಲೆ ಆ ಹೆಸರು ಅಕ್ಷರ ಅಕ್ಷರವಾಗಿ ಇತ್ತು. ವರ್ಷವಿಡೀ ಅವಳು ಅಲ್ಲಿಗೆ ಇಣುಕಿ ನೋಡಿರಲಿಲ್ಲ, ನೋಡುವ ಪ್ರಮೇಯ ಬಂದಿರಲಿಲ್ಲ. ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಸುತ್ತ ಬಂದಳು. ಕೊನೆಯ ಅಕ್ಷರಕ್ಕೆ ಬಂದಾಗ ಸ್ವಲ್ಪ ನಿಂತಳು. ಆಮೇಲೆ ಅದನ್ನೂ ಅಳಿಸಿದಳು.

ಹೊಸ ಕೀಲಿ ಕೂತಿತು. ಪ್ಯಾಕೇಜ್ ಕೇಳಿದಳು.

ಇಲ್ಲ.

ಬೆನ್ನ ಹಿಂದೆ ನಿಂತಿದ್ದ ಆಯ್ತಪ್ಪ ಉಸಿರು ಬಿಟ್ಟ. "ಆಯ್ತು. ಆಯ್ತು ಬಿಡಿ ಮೇಡಂ. ವಾರ್ಡಿಗೆ ಫೋನ್ ಮಾಡಿ ಇವತ್ತು ಆಗಲಿಲ್ಲ ಅಂತ ಹೇಳಿಬಿಡೋಣ. ಹೇಗೋ ಸಂಭಾಳಿಸ್ತಾರೆ."

"ಹೇಗೋ ಅಂದ್ರೆ ಹೇಗೆ ಸರ್?" ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಗಡುಸಾಗಿತ್ತು. "ಒಂದು ರಾತ್ರಿ ಅಲ್ಲಿ ಹೋಗಿ ಕೂತು ನೋಡಿ."

ಅವನು ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. ಅವಳು ಪರದೆಯನ್ನೇ ದಿಟ್ಟಿಸಿದಳು. ಉತ್ತರ ಈ ಸಲ ತಟ್ಟನೆ ಬಂದಿತ್ತಲ್ಲ. ಯಾರೂ ಎದ್ದು ಹೋಗಿರಲಿಲ್ಲ, ಯಾವ ಬಾಗಿಲನ್ನೂ ಬಡಿದಿರಲಿಲ್ಲ. ಅದು ಕೂತಲ್ಲಿಂದಲೇ ಹೇಳಿದ ಇಲ್ಲ. ಅವಳು ಅಳಿಸಿದ ಮೇಲೆ ಬರಿಗೈಯಲ್ಲಿ ಬಂದದ್ದನ್ನು ಉಗ್ರಾಣ ಮತ್ತೆ ನೆನಪಿನಲ್ಲಿ ಕಟ್ಟಿಟ್ಟುಕೊಂಡಿತ್ತು.

ನಮ್ಮ ಮನೆಯವಳ ಹಾಗೆ, ಎಂದು ಯಾರೋ ಕಿವಿಯ ಹತ್ತಿರ ಗೊಣಗಿದಂತಾಯಿತು. ಅವಳು ತಿರುಗಿ ನೋಡಲಿಲ್ಲ.

ನೆನಪನ್ನು ಅಳಿಸಿದಳು. "ಇನ್ನೊಂದ್ಸಲ," ಎಂದಳು ಮೆಲ್ಲಗೆ, ಯಾರಿಗೆ ಹೇಳಿದಳೋ. ತುಸು ಹೊತ್ತು ಏನೂ ಇಲ್ಲ. ಆಮೇಲೆ ಪ್ಯಾಕೇಜ್ ಬಂತು, ಹೊಸದು. ಎಲ್ಲ ಮತ್ತೆ ಕೂಡಿ ಹಸಿರು ಬಿದ್ದಾಗ ಆಯ್ತಪ್ಪನೇ ಮುಂದೆ ಬಗ್ಗಿ, ಹಸಿರಿನ ಹಿಂದೆ ಇದ್ದದ್ದನ್ನು ಬೆರಳಿಟ್ಟು ಓದಿದ. ಓದಿ ಇನ್ನೊಂದು ಸಲ ಓದಿದ.

ಕಳಿಸಿದ ಮೇಲೂ ಅವಳಿಗೆ ನಂಬಿಕೆ ಬರಲಿಲ್ಲ. ಬೀದಿದೀಪ ಹತ್ತುವ ಹೊತ್ತಿಗೆ ಚೀಲ ಹೆಗಲಿಗೇರಿಸಿಕೊಂಡು ತಾನೇ ವಾರ್ಡಿಗೆ ಹೋದಳು. ಸಿಸ್ಟರ್ ಒಂದು ಖಾಲಿ ಪೆಟ್ಟಿಗೆಯ ವೈರನ್ನು ತಮ್ಮ ಬೆರಳಿಗೆ ಸುತ್ತಿಕೊಂಡರು. ಪರದೆಯ ಮೇಲೆ ತೊಂಬತ್ತೆಂಟು ಬಂತು. ವೈರನ್ನು ಕಿತ್ತು ಹಾಸಿಗೆಯ ಮೇಲೆ ಹಾಕಿದರು. ಸಂಖ್ಯೆ ಮಾಯವಾಗಿ ಎರಡು ಅಡ್ಡಗೆರೆ ಬಿದ್ದವು, ಗಂಟೆ ಕರ್ಕಶವಾಗಿ ಬಡಿದುಕೊಂಡಿತು. ಮಲಗಿದ್ದ ಕೂಸುಗಳೆಲ್ಲ ಒಂದೊಂದಾಗಿ ಅಳಲು ಹಿಡಿದವು.

"ಎಬ್ಬಿಸಿ ಹಾಕಿದೆಯಲ್ಲೇ ಎಲ್ಲರನ್ನೂ," ಎಂದರು ಸಿಸ್ಟರ್, ಗಂಟೆ ಆರಿಸುತ್ತ. ಪೆಟ್ಟಿಗೆಗಳ ಪಕ್ಕ ನಿಂತಿದ್ದ ದಾದಿಯರು ಸೊಂಟ ಹಿಡಿದುಕೊಂಡು ಕೂತರು.

ಅವಳು ಮೂಲೆಯ ಪೆಟ್ಟಿಗೆಯ ಕಡೆ ನೋಡಿದಳು. ಅಲ್ಲಿ ಈಗ ಬೇರೆ ಯಾರದೋ ಮಗು ಇತ್ತು.

"ಸಿಸ್ಟರ್, ನಮ್ಮ ಪಾಪು ಅಲ್ಲಿದ್ದಾಗ, ಪರದೆ ಮೇಲೆ ಬರ್ತಿತ್ತಲ್ಲ, ತೊಂಬತ್ತೇಳು. ಅದೆಲ್ಲ ನಿಜವಾಗ್ಲೂ ಇತ್ತಾ?"

ಸಿಸ್ಟರ್ ಇತ್ತು ಎಂದು ಹೇಳಿಬಿಡಬಹುದಿತ್ತು. ಬಾಯಿ ತೆರೆದವ​ರು ಅವಳ ಮುಖ ನೋಡಿ ನಿಧಾನಿಸಿದರು.

"ಗೊತ್ತಿಲ್ಲ ಕಣಮ್ಮ," ಎಂದರು.

ಮನೆಯ ಬೀದಿಗೆ ತಿರುಗುವಾಗ ಫೋನ್ ಬಂತು. ವೈರಿನ ಕಂಪನಿಯ ಹುಡುಗಿ.

"ಮೇಡಂ, ನಿಮ್ಮ ಉಗ್ರಾಣ ಸರಿಯಾಗಿ ಬರ್ತಿದೆ. ಆದ್ರೆ..." ಅವಳು ಹಿಂಜರಿದಳು. "ಅವರೂ ಇನ್ನೂ ಬರ್ತಿದ್ದಾರೆ. ಹಳೇ ಹೆಸರಲ್ಲಿ."

ಅವಳು ನಡಿಗೆ ನಿಲ್ಲಿಸಿದಳು. ಗೊಣಗಣ್ಣ ತಮ್ಮ ಮೇಜಿನ ಕೆಳಗೆ ಪ್ರಯೋಗಕ್ಕೆಂದು ಇಟ್ಟುಕೊಂಡಿದ್ದ ಒಂದು ಹಳೆಯ ಡಬ್ಬಿ ಯಂತ್ರ ನೆನಪಾಯಿತು. ಅವರ ಪಕ್ಕ ಕೂತು ಕಲಿಯುವಾಗ ಕಾಲಿಗೆ ತಾಕುತ್ತಿತ್ತು, ಯಾವಾಗಲೂ ಬೆಚ್ಚಗಿರುತ್ತಿತ್ತು. ಅದರಲ್ಲೂ ಅದೇ ಕೀಲಿ ಇರಬೇಕು.

"ಅದು ಒಂದು ಹಳೇ ಯಂತ್ರ," ಎಂದಳು. "ಅವರ ಮೇಜಿನ ಕೆಳಗಿದೆ."

"ನಾನು ಈ ಕಡೆಯಿಂದ ತಡೆದುಬಿಡಲಾ?"

"ಬೇಡ. ಬೆಳಗ್ಗೆ ನಾನೇ ಆರಿಸ್ತೀನಿ. ನೀವು ಅವರಿಗೆ ಏನು ಹೇಳ್ತಿದ್ದೀರಿ?"

"ನಾನೇನೂ ಹೇಳ್ತಿಲ್ಲ ಮೇಡಂ. ಮಳಿಗೆಯೇ ಹೇಳುತ್ತೆ. ಇಲ್ಲ ಅಂತ."

ಮನೆಯಲ್ಲಿ ಮಗು ಎದ್ದು ಆಡುತ್ತಿತ್ತು. ಅವಳು ಕೈ ತೊಳೆದು ಬಂದು ನೆಲದ ಮೇಲೆ ಕುಸಿದು ಕೂತು, ಮಗುವನ್ನು ಎತ್ತಿಕೊಳ್ಳಲು ತೋಳು ಚಾಚಿದಳು. ಅಷ್ಟರಲ್ಲಿ ಹಿಂದಿನಿಂದ ಬಂದ ಅತ್ತೆ ಅವಳ ತಲೆಯ ಮೇಲೆ ಟವೆಲ್ ಹಾಕಿಬಿಟ್ಟರು.

"ಅತ್ತೆ."

"ಸುಮ್ನಿರೇ. ಪಾಪು, ಅಮ್ಮ ಎಲ್ಲಿ? ಅಮ್ಮ ಇಲ್ಲ. ನೋಡು, ಇಲ್ಲವೇ ಇಲ್ಲ."

ಬಟ್ಟೆಯ ಒಳಗೆ ಬೆಳಕು ಮಂಕಾಗಿತ್ತು, ಸೋಪಿನ ವಾಸನೆ ಇತ್ತು. ಟವೆಲ್ಲನ್ನು ಕಿತ್ತು ಹಾಕಲು ಎತ್ತಿದ ಕೈಯನ್ನು ಅವಳು ಹಾಗೇ ಇಳಿಸಿದಳು. ಆ ಕಡೆ ಸದ್ದಿಲ್ಲ. ಮಗು ನಗಲಿಲ್ಲ. ಖಾಲಿ ಆಫೀಸಿನಲ್ಲಿ, ಕತ್ತಲಲ್ಲಿ, ಮೇಜಿನ ಕೆಳಗೆ ಬೆಚ್ಚಗೆ ಕೂತ ಆ ಡಬ್ಬಿ ಈ ಹೊತ್ತಿನಲ್ಲೂ ಹೋಗಿ ಬಾಗಿಲು ಬಡಿಯುತ್ತಿರಬಹುದು ಎನ್ನಿಸಿತು. ಅವಳು ಉಸಿರು ಬಿಗಿಹಿಡಿದು ಕಾದಳು.

"ಅಮ್ಮ ಇಲ್ಲ," ಎಂದರು ಅತ್ತೆ ಮತ್ತೆ.

ಅಂಬೆಗಾಲಿನ ಸಪ್ಪಳ ಹತ್ತಿರ ಬಂತು. ಒಂದು ಪುಟ್ಟ ಕೈ ಅವಳ ಮೊಣಕಾಲನ್ನು ಮುಟ್ಟಿತು, ಬಿಟ್ಟಿತು. ಆಮೇಲೆ ಇನ್ನೊಂದು ಸಲ ಮುಟ್ಟಿ, ಟವೆಲ್ಲಿನ ಅಂಚಿಗಾಗಿ ತಡಕಾಡತೊಡಗಿತು.